ಮೂರನೇ ಕೂಗಾದ ಮೇಲೆ

ಶಿವಯೋಗಿಯ ಮಾತು ಆ ದಿನಗಳಲ್ಲಿ ಶಿವಯೋಗಿಗಿಂತ ತಡವಾಗಿ ಬರುತ್ತಿತ್ತು. ನೀಲಾಂಬಿಕೆ ಗಂಡನ ಮುಂದೆ ಉಪ್ಪಿಟ್ಟಿನ ತಟ್ಟೆ ಇಡುತ್ತಿದ್ದಳು. ಅವನು ಒಂದು ತುತ್ತು ಬಾಯಿಗಿಟ್ಟು ತುಟಿ ಅಲ್ಲಾಡಿಸುತ್ತಿದ್ದ. ಏನೂ ಕೇಳಿಸಲಿಲ್ಲವಲ್ಲ ಎಂದು ಅವಳು ಒಲೆಯ ಕಡೆ ತಿರುಗಿ ಚಹಾದ ಪಾತ್ರೆ ಇಳಿಸುವಷ್ಟರಲ್ಲಿ ಬೆನ್ನ ಹಿಂದಿನಿಂದ ಮಾತು ಬರುತ್ತಿತ್ತು: "ಉಪ್ಪು ಕಡಿಮಿ ಆಗೇತಿ."

ಉಪ್ಪು ಎಂದೂ ಕಡಿಮೆ ಆಗಿರುತ್ತಿರಲಿಲ್ಲ. ಅದು ಮದುವೆಯಾದ ಮರುದಿನದಿಂದ ಅವನು ಮಾಡಿಕೊಂಡು ಬಂದ ಚೇಷ್ಟೆ. ಮೊದಲಾದರೆ ಅವನು ಹಾಗೆ ಅಂದ ಕೂಡಲೇ ಅವಳು "ಹಂಗಾದ್ರ ನೀವ ಮಾಡ್ಕೋರಿ" ಎನ್ನುತ್ತಿದ್ದಳು, ಅವನು ಅದಕ್ಕೊಂದು ಹೇಳುತ್ತಿದ್ದ, ಇವಳು ಮತ್ತೊಂದು. ಈಗ ಅವನು ಅಂದು, ಅದು ಬೆಂದು, ಹೊರಗೆ ಬಂದು, ಇವಳು ತಿರುಗಿ ಉತ್ತರ ಕೊಡುವಷ್ಟರಲ್ಲಿ ಚೇಷ್ಟೆಯ ಹದ ಕೆಟ್ಟುಹೋಗಿರುತ್ತಿತ್ತು.

ಧ್ವನಿ ಮಾತ್ರ ಅವನದೇ. ಬೀಡಿ ಸಿಗರೇಟು ಹಾಗಿರಲಿ, ಎಲೆ ಅಡಿಕೆಯನ್ನೂ ಹಾಕದ ಮನುಷ್ಯನಿಗೆ ಗಂಟಲಿನ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದಾಗ ನೀಲಾ ಅತ್ತು ಕೂರಲಿಲ್ಲ. ಗಂಡನ ಮುಂದೆ ಮೈಕು ಇಟ್ಟು ಪೇಪರು ಓದಿಸಿದಳು, ಬೈಸಿದಳು, ನಗಿಸಿದಳು, ಅವನ ತಾಯಿಯ ಹೆಸರು ಹಿಡಿದು ಕೂಗಿಸಿದಳು. ಆ ಧ್ವನಿಯ ತುಣುಕುಗಳೇ ಈಗ ಅವನ ಕೊರಳಪಟ್ಟಿಯಲ್ಲಿದ್ದವು.

ಗಂಟಲು ಹೋದರೂ ಮಾತಾಡುವ ಅಭ್ಯಾಸ ಹೋಗುವುದಿಲ್ಲ. ಏನಾದರೂ ಅನ್ನಬೇಕು ಎಂದುಕೊಂಡರೆ ಸಾಕು, ಗದ್ದದ ಕೆಳಗಿನ ಸ್ನಾಯುಗಳು ತಮ್ಮ ಪಾಡಿಗೆ ತಾವು ಅದುರುತ್ತವೆ. ಆ ಅದುರುವಿಕೆಯನ್ನು ಹಿಡಿದು, ಅದು ಯಾವ ಮಾತೆಂದು ತಿಳಿದು, ಅವರವರ ಹಳೆಯ ಧ್ವನಿಯಲ್ಲಿ ಹೊರಗೆ ಹೇಳುವುದು ಪಟ್ಟಿಯ ಕೆಲಸ. ಗದಗಿನ ಹಳೆಯ ಹತ್ತಿ ಹರಾಜಿನ ಹಾಲ್ ಒಂದರಲ್ಲಿ ಕೂತು ಈ ಪಟ್ಟಿಯನ್ನು ಮಾಡಿದ್ದು 'ಕೊರಳು ಬಳಗ'. ಕಂಪನಿಯಲ್ಲ, ಸರ್ಕಾರವೂ ಅಲ್ಲ. ಪ್ರೋಗ್ರಾಮ್ ಬರೆಯಬಲ್ಲ ಕೆಲವರು, ಇಬ್ಬರು ಡಾಕ್ಟರು, ಧ್ವನಿ ಕಳೆದುಕೊಂಡ ಊರ ಜನ. ಪಟ್ಟಿಯ ಪ್ರೋಗ್ರಾಮನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮೂರಿಗೆ ಒಯ್ಯಬಹುದು. ಬಳಗಕ್ಕೆ ಇದರ ಬಗ್ಗೆ ಭಾರೀ ಅಭಿಮಾನ, ಶಿವಯೋಗಿಗಂತೂ ಎಲ್ಲರಿಗಿಂತ ಒಂದು ಕೈ ಹೆಚ್ಚು. ಪಟ್ಟಿಯ ಪ್ರೋಗ್ರಾಮಿನ ಅರ್ಧವನ್ನು, ತನಗೆ ರೋಗ ಬರುವ ಮೊದಲೇ, ಬೇರೆಯವರಿಗಾಗಿ ಎಂದುಕೊಂಡು ಅವನೇ ಬರೆದಿದ್ದ.

ಬಳಗಕ್ಕೆ ತೀರ್ಮಾನ ಮಾಡುವ ಒಂದು ವಿಚಿತ್ರ ಪದ್ಧತಿಯಿತ್ತು. ಹರಾಜಿನ ಹಾಲ್ ಎಂಬ ಕಾರಣಕ್ಕೆ ತಮಾಷೆಗೆಂದು ಶುರುವಾಗಿ ಆಮೇಲೆ ಶಾಸನವಾದದ್ದು. ಕೈ ಎತ್ತುವುದಿಲ್ಲ, ಚೀಟಿ ಹಾಕುವುದಿಲ್ಲ. ಚರ್ಚೆ ಮುಗಿದ ಮೇಲೆ ಅಧ್ಯಕ್ಷತೆ ವಹಿಸಿದವರು ಎದ್ದುನಿಂತು, "ಬ್ಯಾಡ ಅನ್ನೋರು ಯಾರರ ಅದೀರೇನು?" ಎಂದು ಹರಾಜಿನಂತೆ ಮೂರು ಸಲ ಕೂಗಬೇಕು. ಮೂರನೇ ಕೂಗು ಮುಗಿಯುವುದರೊಳಗೆ ಒಬ್ಬರೇ ಒಬ್ಬರು "ಬ್ಯಾಡ" ಅಂದರೂ ವಿಷಯ ಬಿದ್ದುಹೋಯಿತು. ಯಾರೂ ಅನ್ನದಿದ್ದರೆ ಮೇಜು ಕುಟ್ಟಿದರೆ ಆಯಿತು. ಬೇಡ ಎಂಬುದನ್ನು ಬಾಯಿಬಿಟ್ಟೇ ಹೇಳಬೇಕು, ಸನ್ನೆ ಮಾಡಿದರೆ ಲೆಕ್ಕಕ್ಕಿಲ್ಲ ಎಂಬ ಮಾತನ್ನು ಸೇರಿಸಿದವನು ಶಿವಯೋಗಿಯೇ, ಪಟ್ಟಿ ಹಾಕಿಕೊಂಡ ಮೊದಲ ವಾರದ ಉಮೇದಿನಲ್ಲಿ. "ಕೈ ಸನ್ನಿ ಮಾಡೂದಿದ್ರ ಈ ಪಟ್ಟಿ ಯಾಕ ಬೇಕಿತ್ತು? ನಾವು ಮಾತಾಡವ್ರು" ಎಂದಿದ್ದ. ಪಟ್ಟಿ ಧರಿಸಿದವರೆಲ್ಲ ಮೇಜು ಕುಟ್ಟಿ ಮೆಚ್ಚಿದ್ದರು.

ಇದ್ದದ್ದು ಒಂದೇ ತೊಂದರೆ, ತಡ. ಮನುಷ್ಯರು ಓದುವ ಹಾಗೆ ಬರೆದ ಪ್ರೋಗ್ರಾಮನ್ನು ಯಂತ್ರದೊಳಗಿನ ಚಿಪ್ಪಿಗೆ ತಿಳಿಯುವ ಆಜ್ಞೆಗಳಾಗಿ ಬೀಸಿಕೊಡುವ ಸಾಧನಕ್ಕೆ ಕಂಪೈಲರ್ ಎನ್ನುತ್ತಾರೆ. ಜೋಳ ಎಷ್ಟು ಚೆನ್ನಾಗಿದ್ದರೇನು, ಗಿರಣಿಯ ಕಲ್ಲು ದಪ್ಪ ಬೀಸಿದರೆ ಹಿಟ್ಟು ತರಿತರಿ. ಬಳಗದವರು ಬಳಸುತ್ತಿದ್ದದ್ದು ಮುಕ್ತ ಕಂಪೈಲರ್. ಎಲ್ಲೆಲ್ಲಿಯದೋ ಜನ ಸೇರಿ ಬರೆದದ್ದು, ಅದರ ಒಳಗನ್ನು ಯಾರು ಬೇಕಾದರೂ ನೋಡಬಹುದು, ಯಾರೂ ಕಿತ್ತುಕೊಳ್ಳುವಂತಿಲ್ಲ. ಆದರೆ ಪಟ್ಟಿಯಲ್ಲಿದ್ದ ಅಕ್ಕಿಕಾಳಿನಷ್ಟು ಚಿಪ್ಪಿಗೆ ಅದು ಬೀಸುತ್ತಿದ್ದದ್ದು ತರಿ ಹಿಟ್ಟು. ಚಿಪ್ಪು ಒದ್ದಾಡಿ ಒದ್ದಾಡಿ ಮಾತು ಹೊರಗೆ ಹಾಕುತ್ತಿತ್ತು. ಅಲ್ಲಿಯವರೆಗೆ ಪಟ್ಟಿಯ ಮೇಲೊಂದು ಹಸಿರು ದೀಪ ಮಿಣುಕುತ್ತಿತ್ತು, ಒಳಗೆ ಮಾತು ಬೇಯುತ್ತಿದೆ, ತಡೆಯಿರಿ ಎನ್ನುವಂತೆ.

*

ವೆಲ್ಡ್ರಿನ್ ಎಂಬ ಪರದೇಶದ ಕಂಪನಿಯ ವಿಷಯ ತಂದವನು ಖಾಜಾ ಅತ್ತಾರ. ಬಳಗದಲ್ಲಿ ಪಟ್ಟಿಗಳನ್ನು ಜನರ ಕೊರಳಿಗೆ ಹೊಂದಿಸುವ ಕೆಲಸ ಅವನದು. ಒಬ್ಬೊಬ್ಬರ ಬೈಗುಳವನ್ನೂ ಅವನೇ ತಿನ್ನಬೇಕಾದ್ದರಿಂದ ತಡದ ಸಂಕಟ ಅವನಿಗೆ ಗೊತ್ತಿತ್ತು.

"ಅಕ್ಕಾರ, ವೆಲ್ಡ್ರಿನ್‌ನವ್ರು ತಮ್ಮ ಕಂಪೈಲರ್ ನಮಗ ಪುಕ್ಕಟ ಕೊಡ್ತೇವಿ ಅಂದಾರ," ಎಂದು ಅವನು ಸಭೆಯಲ್ಲಿ ಎದ್ದುನಿಂತ. ಅಧ್ಯಕ್ಷತೆ ಅಂದು ನೀಲಾಳದು. "ನಾ ಹಚ್ಚಿ ನೋಡೇನಿ. ತಡಾನ ಇಲ್ಲ. ತುಟಿ ಅಲ್ಲಾಡೂದೊಂದ ತಡ, ಮಾತು ಹೊರಗ."

ಹಾಲ್‌ನಲ್ಲಿ ಗುಜುಗುಜು ಎದ್ದಿತು. ಶಿವಯೋಗಿಯ ಪಟ್ಟಿಯ ದೀಪ ಮಿಣುಕತೊಡಗಿತು. ಅತ್ತಾರ ಮುಂದಿನ ಮಾತಿಗೆ ಹೋದ ಮೇಲೆ ಅವನ ಧ್ವನಿ ಬಂತು: "ಅದರ ಒಳಗ ಏನೈತಿ ಅಂತ ನಮಗ ತೋರಸ್ತಾರೇನು?"

"ಅದನ್ನ ಆಗ್ಲೇ ಹೇಳಿದ್ನೆಲ್ರೀ ಸರ, ತೋರ್ಸೂದಿಲ್ಲ. ಪ್ರತಿ ಸಲ ಬೀಸೂಮುಂದ ಅವ್ರ ಕಂಪ್ಯೂಟರಿಗೆ ಕೇಳಬೇಕು, ಅವ್ರು ಹೂಂ ಅಂದ್ರ ಬೀಸತೈತಿ. ಇಷ್ಟು ದಿನ ಯಾರಿಗೂ ಇಲ್ಲ ಅಂದಿಲ್ಲ. ನಮ್ಮ ಪ್ರೋಗ್ರಾಮ್ ನಮ್ದ ಉಳೀತೈತಿ, ಎಲ್ಲಾರ ಮುಂದ ತೆರೆದ ಇರತೈತಿ. ಬರೇ ಬೀಸೂ ಕಲ್ಲು ಅವ್ರದು."

ದೀಪ ಮಿಣುಕಿತು. ಎಲ್ಲರೂ ಕಾಯ್ದರು.

"ಪುಕ್ಕಟ ಕೊಟ್ಟದ್ದು ನಮ್ದು ಅಂತ ಅಲ್ಲ, ಅತ್ತಾರ. ಕಲ್ಲು ಅವ್ರದಾದ್ರ ಜೋಳ ನಮ್ದು ಅಂತ ಕುಣಿದು ಏನು ಬಂತು? ನಾಳೆ ಅವ್ರು ಒಲ್ಲೆ ಅಂದ್ರ ಜೋಳ ಮುಕ್ಕಬೇಕೇನು?"

ಚೆನ್ನಾದ ಮಾತು. ಆದರೆ ಅದು ಬರುವಷ್ಟರಲ್ಲಿ ಮೂರನೆಯವರು ಬ್ಯಾಟರಿ ಎಷ್ಟು ಉಳಿಯುತ್ತದೆ ಎಂದು ಕೇಳಿಯಾಗಿತ್ತು, ಅತ್ತಾರ ಅದಕ್ಕೆ ಉತ್ತರಿಸುತ್ತಿದ್ದ. ಶಿವಯೋಗಿಯ ಜೋಳ ಬ್ಯಾಟರಿಯ ನಡುವೆ ಬಿದ್ದು ಚೆಲ್ಲಿಹೋಯಿತು. ಹೀಗೇ ನಡೆಯಿತು ಚರ್ಚೆಯೆಲ್ಲ. ಅವನ ಉತ್ತರ ಯಾವಾಗಲೂ ಒಂದು ಪ್ರಶ್ನೆ ಹಿಂದೆ. ಒಮ್ಮೆ ಅತ್ತಾರನಿಗೇ ತಡೆಯಲಾಗಲಿಲ್ಲ.

"ಸರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮಾತು ಮುಟ್ಟೂದ್ರಾಗ ನಾ ಎಲ್ಲೋ ಹೋಗಿರ್ತೇನಿ. ನನ್ನ ವಾದ ಇದ ನೋಡ್ರಿ."

ಹಾಲ್ ಗೊಳ್ಳೆಂದಿತು. ಶಿವಯೋಗಿಯೂ ನಕ್ಕ. ಸದ್ದಿಲ್ಲದ ನಗೆ, ಹೆಗಲು ಮಾತ್ರ ಕುಣಿಯಿತು.

ಸಾವಂತ್ರೆವ್ವ ಎದ್ದಳು. ತರಕಾರಿ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಹೆಂಗಸು. ತಂಬಾಕು ಅವಳ ಗಂಟಲು ತಿಂದಿತ್ತು. ಪಟ್ಟಿ ಹಾಕಿಕೊಂಡವರಲ್ಲಿ ಅವಳೇ ಮೊದಲಿನವಳು; ಬರಹ ಬಾರದು, ಫೋನಿನಲ್ಲಿ ಬರೆದು ತೋರಿಸಿ ಬದುಕುವ ದಾರಿ ಅವಳಿಗಿರಲಿಲ್ಲ. ಅವಳ ಮಾತಿಗೆ ಎಲ್ಲರೂ ಕಾಯ್ದರು.

"ನೀಲವ್ವ, 'ಮೆಂತ್ಯ ಪಲ್ಯೆ ಬಾ' ಅಂತ ನಾ ಕೂಗಿದ್ದು ಕೇಳೂದ್ರಾಗ ಗಿರಾಕಿ ನಾಕ ಅಂಗಡಿ ದಾಟಿರ್ತಾನ. ಕಲ್ಲು ಯಾರದರ ಇರಲಿ ಬೇ. ನನ್ನ ಕೂಗು ನನಗ ಕೊಡ್ರಿ."

ನೀಲಾ ಎದ್ದು ನಿಂತಳು.

"ಬ್ಯಾಡ ಅನ್ನೋರು ಯಾರರ ಅದೀರೇನು? ಒಂದನೇ ಸಲ."

ಅವಳು ಗಂಡನ ಕಡೆ ನೋಡಿದಳು. ಅವನ ತುಟಿ ಅಲ್ಲಾಡಿತು. ಹಸಿರು ದೀಪ ಮಿಣುಕತೊಡಗಿತು. ಅವನು ಅಂದ ಮಾತು ಯಾವುದೆಂದು ತಿಳಿಯಲು ಅವಳಿಗೆ ಧ್ವನಿ ಬೇಕಿರಲಿಲ್ಲ. ಅಷ್ಟು ವರ್ಷ ಸಂಸಾರ ಮಾಡಿದವಳು. ಒಂದು ಉಸಿರು ತಡೆದಿದ್ದರೆ ಮಾತು ಬರುತ್ತಿತ್ತು, ವಿಷಯ ಬಿದ್ದುಹೋಗುತ್ತಿತ್ತು. ಅವಳ ಕಣ್ಣ ಮುಂದೆ ಉಪ್ಪಿಟ್ಟಿನ ತಟ್ಟೆ ಬಂತು. ಹೊತ್ತು ಮೀರಿ ಬರುವ ಆ ಚೇಷ್ಟೆ, ಅದಕ್ಕೆ ತಾನು ನಕ್ಕಂತೆ ಮಾಡುವುದು, ನಕ್ಕಂತೆ ಮಾಡಿದ್ದಾಳೆಂದು ಅವನಿಗೆ ತಿಳಿಯುವುದು ಬಂತು.

"ಎರಡನೇ ಸಲ. ಮೂರನೇ ಸಲ," ಎಂದು ಒಂದೇ ಉಸಿರಿಗೆ ಅಂದು ಮೇಜು ಕುಟ್ಟಿದಳು.

"ಬ್ಯಾಡ," ಅಂದಿತು ಶಿವಯೋಗಿಯ ಪಟ್ಟಿ.

ಹಾಲ್ ಮತ್ತೆ ನಕ್ಕಿತು. ಯಾರೋ ಚಪ್ಪಾಳೆಯನ್ನೂ ಹೊಡೆದರು. ಪದ್ಧತಿ ಎಂದರೆ ಪದ್ಧತಿ. ಮೂರನೇ ಕೂಗಾದ ಮೇಲೆ ಬಂದದ್ದು ಬಂದಹಾಗಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವಾಗ ಅವನು ಕೇಳಿದ. ಅವಳು ಬಾಗಿಲಲ್ಲೇ ನಿಂತು ಮಾತು ಬರುವವರೆಗೆ ಕಾಯ್ದಳು.

"ನೀ ದೀಪ ನೋಡಿದ್ದೆಲ್ಲ?"

"ನೋಡಿದೆ."

"ಮತ್ತ?"

"ಮತ್ತ ಏನ್ರಿ," ಎಂದಳು ನೀಲಾ. "ನನಗ ನಿಮ್ಮ ಮಾತು ಬೇಕು. ಹೊತ್ತಿಗೆ ಸರಿಯಾಗಿ ಬೇಕು. ನೀವು ಸಿದ್ಧಾಂತ ಹಿಡ್ಕೊಂಡು ಕೂಡ್ರಿ, ನಾ ತಟ್ಟಿ ಹಿಡ್ಕೊಂಡು ಎಷ್ಟು ದಿನ ನಿಂದರ್ಲಿ?"

ಅವನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟ.

*

ವೆಲ್ಡ್ರಿನ್ ಬೀಸಿಕೊಟ್ಟ ಹೊಸ ಪ್ರೋಗ್ರಾಮನ್ನು ಹಾಕಿಕೊಂಡ ದಿನ ಶಿವಯೋಗಿ ಮೊದಲು ಮಾಡಿದ ಕೆಲಸವೆಂದರೆ ಹೆಂಡತಿಯ ಮಾತಿನ ನಡುವೆ ಬಾಯಿ ಹಾಕಿದ್ದು. ಅವಳು "ಇವತ್ತು ಬದನಿಕಾಯಿ" ಎನ್ನುವಷ್ಟರಲ್ಲಿ "ಉಪ್ಪು ಕಡಿಮಿ ಆಗೇತಿ" ಅಂದ. ಬದನೆಕಾಯಿ ಇನ್ನೂ ಹೆಚ್ಚಿಯೇ ಇರಲಿಲ್ಲ. ನೀಲಾ ನೆಲಕ್ಕೆ ಕೂತು ನಕ್ಕಳು, ನಕ್ಕು ನಕ್ಕು ಅತ್ತಳು.

ಬಳಗಕ್ಕೆ ಅದು ಸುಗ್ಗಿಯ ಕಾಲ. ಸಾವಂತ್ರೆವ್ವನ ಕೂಗು ಮಾರುಕಟ್ಟೆಯ ಆಚೆ ತುದಿಗೆ ಕೇಳತೊಡಗಿತು. ಮಾತು ಚುರುಕಾದ ಮೇಲೆ ಜನಕ್ಕೆ ಆಸೆ ಹೆಚ್ಚಿತು. ಪಿಸುಮಾತು ಬೇಕು, ಅಳು ಬೇಕು, ಮೊಮ್ಮಕ್ಕಳಿಗೆ ಲಾಲಿ ಹಾಡಬೇಕು. ಗಂಟಲಿನ ಅದುರುವಿಕೆ ಗುರುತಿಸುವ ಹೊಸ ಸಂವೇದಕಗಳು ಬಂದವು, ಪ್ರೋಗ್ರಾಮು ದಪ್ಪವಾಯಿತು, ಹಳೆಯ ಪಟ್ಟಿಗಳು ಗುಜರಿಗೆ ಹೋದವು. ವೆಲ್ಡ್ರಿನ್ ಕಂಪೈಲರಿಗೆ ಮಾತ್ರ ತಿಳಿಯುವ ಒಳಸಂಜ್ಞೆಗಳು ಪ್ರೋಗ್ರಾಮಿನ ತುಂಬ ಸೇರಿಕೊಂಡವು. ಹಾಗೆ ಬರೆದರೆ ಇನ್ನಷ್ಟು ಚುರುಕು. ಹಾಗೆ ಬರೆದವರಲ್ಲಿ ಶಿವಯೋಗಿಯೂ ಇದ್ದ. ಲಾಲಿಯ ಭಾಗ ಅವನದೇ. ಮೊದಮೊದಲು "ಇದನ್ನ ಮುಕ್ತ ಕಂಪೈಲರಿನಾಗೂ ಬೀಸಿ ನೋಡ್ರಿ, ಕೈ ತಪ್ಪಬಾರ್ದು" ಎನ್ನುತ್ತಿದ್ದ. ಆಮೇಲೆ ಅನ್ನುವುದನ್ನು ಬಿಟ್ಟ. ಅನ್ನಲು ಬೇರೆ ಮಾತುಗಳು ಬೇಕಾದಷ್ಟಿದ್ದವು.

ಒಂದು ಸಂಗತಿಯನ್ನು ಯಾರೂ ದೊಡ್ಡದು ಮಾಡಲಿಲ್ಲ. ಆಪರೇಷನ್ ಆದ ಗಂಟಲು ಸುಮ್ಮನಿರುವುದಿಲ್ಲ. ಗಾಯದ ಗೆರೆ ಬಿಗಿಯುತ್ತದೆ, ಸ್ನಾಯು ಜರುಗುತ್ತದೆ, ಕೆಲವು ತಿಂಗಳಲ್ಲಿ ಅದುರುವ ರೀತಿಯೇ ಬದಲಾಗುತ್ತದೆ. ಹಾಗಾಗಿ ಅತ್ತಾರ ಎಲ್ಲರ ಕೊರಳಿನ ಅಳತೆಯನ್ನು ಮತ್ತೆ ಮತ್ತೆ ತೆಗೆದು, ಆ ಅಳತೆಯನ್ನು ಪ್ರೋಗ್ರಾಮಿನೊಳಗೇ ಸೇರಿಸಿ, ಒಬ್ಬೊಬ್ಬರಿಗೂ ಹೊಸದಾಗಿ ಬೀಸಿಕೊಡಬೇಕಿತ್ತು. ಬೀಸುವಾಗಲೆಲ್ಲ ವೆಲ್ಡ್ರಿನ್ ಹೂಂ ಅನ್ನಬೇಕಿತ್ತು. ವರ್ಷಗಟ್ಟಲೆ ಅಂದಿತು.

ಒಂದು ಬೆಳಿಗ್ಗೆ ಅನ್ನಲಿಲ್ಲ.

ಅತ್ತಾರ ಇಂಟರ್ನೆಟ್ ಹೋಗಿರಬೇಕೆಂದುಕೊಂಡ. ವೈರು ಬಿಚ್ಚಿ ಹಾಕಿದ. ಕಂಪನಿಗೆ ಬರೆದ. ಬಹಳ ದಿನಗಳ ಮೇಲೆ ಉತ್ತರ ಬಂತು. ವೆಲ್ಡ್ರಿನ್ ಅನ್ನು ಬೇರೊಂದು ಸಂಸ್ಥೆ ಕೊಂಡಿದೆ, ಆ ಕಂಪೈಲರ್ ಅವರ ಮುಂದಿನ ಯೋಜನೆಯಲ್ಲಿ ಇಲ್ಲ, ಇಷ್ಟು ದಿನ ಬಳಸಿದ್ದಕ್ಕೆ ವಂದನೆಗಳು. ಸಿಟ್ಟಿನ ಮಾತು ಒಂದೂ ಇರಲಿಲ್ಲ. ಸಿಟ್ಟಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಬಳಗ ಮುಕ್ತ ಕಂಪೈಲರಿನ ಕಡೆ ತಿರುಗಿ ಓಡಿತು. ಅಲ್ಲಿ ಕಂಡದ್ದು ಯಾರೂ ನೀರು ಸೇದದೆ ಬಿಟ್ಟ ಬಾವಿ. ಆ ಪುಟ್ಟ ಚಿಪ್ಪಿಗಾಗಿ ಅದನ್ನು ಬಳಸುತ್ತಿದ್ದ ದೊಡ್ಡ ತಂಡವೆಂದರೆ ಕೊರಳು ಬಳಗವೇ. ತಪ್ಪು ಕಂಡರೆ ತೋರಿಸುತ್ತಿದ್ದವರು, ತಿದ್ದಿ ಕಳಿಸುತ್ತಿದ್ದವರು ಇವರೇ. ಇವರು ಬಿಟ್ಟ ಮೇಲೆ ಆ ಭಾಗವನ್ನು ನೋಡುವವರಿಲ್ಲದೆ ಹೂಳು ತುಂಬಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಪೋಲೆಂಡಿನ ಮುದುಕನೊಬ್ಬ, ನೀವು ಹೋದ ಮೇಲೆ ನನಗೂ ಉತ್ಸಾಹ ಉಳಿಯಲಿಲ್ಲ ಎಂದು ಬರೆದ. ಈಗಿನ ಪ್ರೋಗ್ರಾಮನ್ನು ಅದರಲ್ಲಿ ಬೀಸಿದರೆ ಚಿಪ್ಪಿನಲ್ಲಿ ಹಿಡಿಯಲೇ ಇಲ್ಲ. ತಡವಾಗಿಯಾದರೂ ಮಾತಾಡುತ್ತಿದ್ದ ಹಳೆಯ ಪ್ರೋಗ್ರಾಮು ಬೀಸಿತು, ಆದರೆ ಅದಕ್ಕೆ ಹೊಸ ಸಂವೇದಕಗಳ ಗುರುತೇ ಇರಲಿಲ್ಲ.

ಶಿವಯೋಗಿ ಕಂಪ್ಯೂಟರಿನ ಮುಂದೆ ಕೂತುಬಿಟ್ಟ. ಊಟಕ್ಕೆ ಕರೆದರೆ ಎದ್ದು ಬರುವನು, ಉಂಡು ಮತ್ತೆ ಕೂರುವನು. ಒಳಸಂಜ್ಞೆಗಳನ್ನು ಒಂದೊಂದೇ ಕಿತ್ತು ಸಾದಾ ರೀತಿಯಲ್ಲಿ ಬರೆಯುತ್ತಿದ್ದ. ವರ್ಷಗಳ ಕೆಲಸ, ಕೈಗಳು ನಾಲ್ಕಾರು. "ನಾ ಅವತ್ತ ಹೇಳಿದ್ದೆ" ಎಂದು ಒಮ್ಮೆಯಾದರೂ ಅಂದುಬಿಡಲಿ ಎಂದು ನೀಲಾ ಕಾಯುತ್ತಿದ್ದಳು. ಅಂದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅನ್ನಲಿಲ್ಲ.

ಒಂದು ದಿನ ಅತ್ತಾರನೇ ತಡೆಯಲಾರದೆ ಅವನ ಕುರ್ಚಿಯ ಮುಂದೆ ಬಂದು ನಿಂತ.

"ಸರ, ಬೈರಿ ನನಗ. ಕಪಾಳಕ್ಕ ಹೊಡೀರಿ. ಎಲ್ಲಾ ನಾ ತಂದದ್ದು."

ಅಷ್ಟು ಹೊತ್ತಿಗೆ ಶಿವಯೋಗಿಯ ಪಟ್ಟಿ ತೊದಲತೊಡಗಿತ್ತು. ಅವನು ಫೋನಿನಲ್ಲಿ ಬರೆದು ತೋರಿಸಿದ: "ಇಷ್ಟು ವರ್ಷ ನಾನೂ ಮಾತಾಡೇನಲ್ಲೋ ತಮ್ಮಾ."

ಅತ್ತಾರ ಅದನ್ನು ಓದಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಅವನ ಬೆನ್ನು ಅಲ್ಲಾಡುವುದು ಕಿಟಕಿಯಿಂದ ನೀಲಾಳಿಗೆ ಕಾಣುತ್ತಿತ್ತು.

*

ಪಟ್ಟಿಗಳು ಸುಮ್ಮನೆ ಮೂಕವಾಗಿದ್ದರೆ ಅದೊಂದು ದುಃಖವಾಗುತ್ತಿತ್ತು, ಅಷ್ಟೆ. ಅವು ಮೂಕವಾಗಲಿಲ್ಲ. ಜರುಗಿದ ಗಂಟಲಿಗೂ ಹಳೆಯ ಅಳತೆಗೂ ಹೊಂದದೆ ಹೋದಾಗ ಪಟ್ಟಿ ಆಡಿದ ಮಾತನ್ನು ನುಂಗಿತು, ಆಡದ ಮಾತನ್ನು ಆಡಿತು. ತುತ್ತು ನುಂಗಿದರೆ ಮಾತು, ಉಗುಳು ನುಂಗಿದರೆ ಮಾತು, ಆಕಳಿಸಿದರೆ ಮಾತು. ಮನೆಮನೆಗಳಲ್ಲಿ ಊಟದ ಹೊತ್ತಿಗೆ ಪಟ್ಟಿಗಳು "ಹೌದು", "ಬಾ", "ಇಲ್ಲ", "ಹೂಂ" ಎಂದು ಒಬ್ಬರ ಮಾತಿನ ಮೇಲೊಬ್ಬರು ಮಾತಾಡಿದಂತೆ ಒದರತೊಡಗಿದವು. ಧ್ವನಿ ಅವರವರದೇ. ಅದೇ ಕೆಟ್ಟದ್ದು. ಶಿವಯೋಗಿ ರೊಟ್ಟಿ ಮುರಿದು ಬಾಯಿಗಿಟ್ಟರೆ ಅವನ ಧ್ವನಿ "ನೀಲಾ" ಎಂದು ಕರೆಯುತ್ತಿತ್ತು. ಅವಳು ತಿರುಗುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ, ನಾನಲ್ಲ ಎಂದು. ಕಡೆಕಡೆಗೆ ಊಟಕ್ಕೆ ಕೂರುವಾಗ ಪಟ್ಟಿ ಬಿಚ್ಚಿಟ್ಟು ಕೂರತೊಡಗಿದ.

ಸಾವಂತ್ರೆವ್ವ ಬಿಚ್ಚಲಿಲ್ಲ. ಬಿಚ್ಚಿದರೆ ಅವಳಿಗೆ ಏನೂ ಉಳಿಯುತ್ತಿರಲಿಲ್ಲ. ಹತ್ತು ಮಾತಿನಲ್ಲಿ ನಾಲ್ಕಾದರೂ ಸರಿ ಬರುತ್ತವೆ ಬೇ ಎಂದು ಸನ್ನೆ ಮಾಡುತ್ತಿದ್ದಳು. ಮಳೆಗಾಲದಲ್ಲಿ ಜ್ವರ ಬಂದು ದವಾಖಾನೆಗೆ ಹೋದಳು. ಹೊಸ ನರ್ಸು, ಪಟ್ಟಿಯ ಕಥೆ ತಿಳಿಯದವಳು, ಇಂಜೆಕ್ಷನ್ ಹಿಡಿದು, "ಅಜ್ಜಿ, ಈ ಔಷಧ ಮೊದ್ಲ ತಗೊಂಡಾಗ ಏನರ ತ್ರಾಸ ಆಗಿತ್ತೇನ?" ಎಂದು ಕೇಳಿದಳು. ಆಗಿತ್ತು, ಒಮ್ಮೆ ಅದರಿಂದಲೇ ಸಾಯುವ ಹಾಗಾಗಿದ್ದಳು. ಸಾವಂತ್ರೆವ್ವ ಸೂಜಿ ನೋಡಿ ಹೆದರಿ ಉಗುಳು ನುಂಗಿದಳು.

"ಇಲ್ಲ," ಅಂದಿತು ಪಟ್ಟಿ, ಸ್ಪಷ್ಟವಾಗಿ, ಅವಳದೇ ಧ್ವನಿಯಲ್ಲಿ.

ಅವಳು ಕೈ ಬೀಸಿದ್ದನ್ನು ನರ್ಸು ಸೂಜಿಯ ಅಂಜಿಕೆ ಎಂದುಕೊಂಡಳು. ಸಂಜೆಗೆ ಸಾವಂತ್ರೆವ್ವನ ಹೆಣ ಮನೆಗೆ ಬಂತು. ಮಗಳು ತಾಯಿಯ ಕೊರಳಿಂದ ಪಟ್ಟಿ ಬಿಚ್ಚಿ ತಂದು ನೀಲಾಳ ಕೈಗೆ ಕೊಟ್ಟಳು. ಬೈಯಲಿಲ್ಲ. "ಇದು ನಿಮ್ದರೀ, ಅಕ್ಕಾರ" ಅಂದಳಷ್ಟೆ.

*

ಹರಾಜಿನ ಹಾಲ್‌ನಲ್ಲಿ ಮತ್ತೆ ಸಭೆ ಸೇರಿತು. ಕೂರಲು ಜಾಗವಿರಲಿಲ್ಲ, ಪಟ್ಟಿಯವರೆಲ್ಲ ಬಂದಿದ್ದರು, ಅವರ ಮನೆಯವರೂ ಬಂದಿದ್ದರು. ವಿಷಯ ಒಂದೇ. ಎಲ್ಲ ಪಟ್ಟಿಗಳ ಸದ್ದನ್ನು ನಿಲ್ಲಿಸಿಬಿಡಬೇಕೋ ಬೇಡವೋ. ಅದಕ್ಕೆ ಹೊಸದಾಗಿ ಏನನ್ನೂ ಬೀಸಬೇಕಿರಲಿಲ್ಲ. ಅತ್ತಾರ ತನ್ನ ಫೋನಿನಿಂದ ಒಂದು ಆಜ್ಞೆ ಕಳಿಸಿದರೆ ಮುಗಿಯಿತು. ಶಿವಯೋಗಿಯ ಕೆಲಸ ಮುಗಿದ ದಿನ, ಮುಗಿದರೆ, ಮತ್ತೆ ತೆರೆಯಬಹುದು. ಅದು ಯಾವ ಕಾಲಕ್ಕೆ ಎಂದು ಯಾರೂ ಕೇಳಲಿಲ್ಲ. ಡಾಕ್ಟರೊಬ್ಬರು ಎದ್ದು, ಇನ್ನೊಂದು ಜೀವ ಹೋಗುವ ಮೊದಲು ನಿಲ್ಲಿಸಿ ಎಂದರು. ಒಬ್ಬ ಮೊಮ್ಮಗಳು ಎದ್ದು, ನಮ್ಮಜ್ಜನ ಧ್ವನಿ ತೊದಲಿದರೂ ಇರಲಿ ಎಂದಳು. ಹೀಗೆಂದರೆ ಹೀಗೂ ಸರಿ, ಹಾಗೆಂದರೆ ಹಾಗೂ ಸರಿ.

ಚರ್ಚೆ ಮಾಡಬೇಕಾದವರು ಮಾತ್ರ ಮಾತಾಡುವಂತಿರಲಿಲ್ಲ. ಹಾಲ್ ತುಂಬ ಪಟ್ಟಿಗಳು ತಮ್ಮಷ್ಟಕ್ಕೆ ತಾವು ಒದರುತ್ತಿದ್ದವು. ಎಲ್ಲ ದೀಪಗಳೂ ಮಿಣುಕುತ್ತಿದ್ದವು, ಯಾವ ದೀಪದ ಹಿಂದೆ ಮಾತಿದೆ, ಯಾವುದರ ಹಿಂದೆ ಬರೀ ಉಗುಳಿದೆ ಎಂದು ತಿಳಿಯುವ ಉಪಾಯವಿರಲಿಲ್ಲ.

"ಪದ್ಧತಿ ಬದಲ ಮಾಡೂಣ್ರಿ ಅಕ್ಕಾರ, ಕೈ ಎತ್ತಿಸೂಣು," ಎಂದು ಅತ್ತಾರ, ಈ ಸಲವೂ ಅಧ್ಯಕ್ಷತೆ ವಹಿಸಿದ್ದ ನೀಲಾಳ ಕಿವಿಯಲ್ಲಿ ಹೇಳಿದ. ನೀಲಾ ಅದನ್ನೇ ಜೋರಾಗಿ ಕೇಳಿದಳು. ಮುಂದಿನ ಸಾಲಿನ ಮುದುಕರು ತಲೆ ಅಲ್ಲಾಡಿಸಿದರು. ಒಬ್ಬನಂತೂ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿದುಕೊಂಡ. ಮಾತಾಡುವವರು ನಾವು ಎಂದು ಮೇಜು ಕುಟ್ಟಿದ ಜನ. ಕಡೆಯ ದಿನ ಕೈಸನ್ನೆಗೆ ಇಳಿಯಲು ಯಾರಿಗೂ ಮನಸ್ಸಿರಲಿಲ್ಲ.

ನೀಲಾ ಎದ್ದು ನಿಂತಳು.

"ಬ್ಯಾಡ ಅನ್ನೋರು ಯಾರರ ಅದೀರೇನು? ಒಂದನೇ ಸಲ."

ಅವಳು ಕಾಯ್ದಳು. "ಹೂಂ" ಅಂದಿತು ಒಂದು ಪಟ್ಟಿ. "ಬಾ" ಅಂದಿತು ಇನ್ನೊಂದು. ಎಲ್ಲೋ ಅರ್ಧ ಲಾಲಿ ಕೇಳಿಸಿ ನಿಂತಿತು.

"ಎರಡನೇ ಸಲ."

ಮತ್ತೆ ಕಾಯ್ದಳು. ಹೀಗೆ ಕಾಯುವುದನ್ನು ಅವಳು ವೆಲ್ಡ್ರಿನ್ ವಿಷಯದ ಸಭೆಯಲ್ಲೇ ಕಾಯಬೇಕಿತ್ತು. ಇದರ ಕಾಲುಭಾಗ ಸಾಕಿತ್ತು. ಎದುರಿಗೆ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಕೆಲವು ತುಟಿಗಳು 'ಬ್ಯಾ' ಎನ್ನುವಂತೆ ಕೂಡಿ ಬಿಡುವುದನ್ನು ಅವಳು ಕಂಡಳು. ಕಾಣದಂತೆ ಮಾಡಬೇಕೆಂದರೂ ಆಗಲಿಲ್ಲ.

"ಮೂರನೇ..."

"ಬ್ಯಾಡ."

ಶಿವಯೋಗಿಯ ಧ್ವನಿ. ತೊದಲಿಲ್ಲ, ತಡವಿಲ್ಲ, ಮೈಕಿನ ಮುಂದೆ ಕೂರಿಸಿ ರೆಕಾರ್ಡ್ ಮಾಡಿದ ದಿನದಷ್ಟು ಸ್ವಚ್ಛ. ಹಾಲ್ ಅವನ ಕಡೆ ತಿರುಗಿತು. ಒಬ್ಬರು ಅಂದರೆ ಸಾಕು, ವಿಷಯ ಬಿತ್ತು. ಅಂದವನು ಅವನು. ಈ ಸಲ ಹೊತ್ತಿಗೆ ಸರಿಯಾಗಿ ಅಂದಿದ್ದಾನೆ. ಅವಳು ಗಂಡನ ಕಡೆ ನೋಡಿದಳು.

ಅವನ ಕೈಯಲ್ಲಿ ನೀರಿನ ಲೋಟವಿತ್ತು. ಅವನು ಅದನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು, ಫೋನು ತೆಗೆದು, ಬರೆದು, ಅವಳಿಗೆ ಕಾಣುವಂತೆ ಎತ್ತಿ ಹಿಡಿದ.

"ನಾನಲ್ಲ. ನೀರು."

ನಿಜವೇ ಇರಬಹುದು. ಸುಳ್ಳೂ ಇರಬಹುದು, ತಾನು 'ಬ್ಯಾಡ' ಅಂದು ಉಳಿಸಿದ ಪಟ್ಟಿಗಳಲ್ಲಿ ಒಂದು ನಾಳೆ ಇನ್ನೊಬ್ಬ ಸಾವಂತ್ರೆವ್ವನನ್ನು ಕೊಂದರೆ ಎಂದು, ಅಂದ ಮಾತನ್ನೇ ಹಿಂದೆ ನುಂಗಿರಬಹುದು. ಅವನ ಮುಖದಲ್ಲಿ ಅವಳಿಗೆ ಏನೂ ಸಿಗಲಿಲ್ಲ. ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಏನೂ ಸಿಗಲಿಲ್ಲ.

"ಸಲ," ಎಂದು ಮುಗಿಸಿ ಅವಳು ಮೇಜು ಕುಟ್ಟಿದಳು. ಅತ್ತಾರ ಕಣ್ಣು ಮುಚ್ಚಿಕೊಂಡು ಫೋನಿನ ಮೇಲೆ ಬೆರಳಿಟ್ಟ. ದೀಪಗಳು ಆರಿದವು. ಅಷ್ಟು ಜನ ಕೂತ ಹಾಲ್‌ನಲ್ಲಿ ಆಮೇಲೆ ಕೇಳಿಸಿದ್ದು ಬೆಂಚುಗಳ ಕಿರುಗುಟ್ಟು ಮಾತ್ರ.

*

ಮರುದಿನ ಬೆಳಿಗ್ಗೆ ನೀಲಾ ಉಪ್ಪಿಟ್ಟು ಮಾಡಿದಳು. ಸಾಸಿವೆ ಸಿಡಿಸಿದಳು, ರವೆ ಹುರಿದಳು, ನೀರು ಕುದಿಯುವಾಗ ಉಪ್ಪಿನ ಡಬ್ಬಿ ಕೈಗೆತ್ತಿಕೊಂಡು ಹಾಗೇ ಹಿಂದಕ್ಕೆ ಇಟ್ಟಳು. ಒಂದು ಹರಳೂ ಹಾಕಲಿಲ್ಲ.

ತಟ್ಟೆಯನ್ನು ಅವನ ಮುಂದಿಟ್ಟಳು. ಒಲೆಯ ಕಡೆ ತಿರುಗಲಿಲ್ಲ, ಎದುರಿಗೇ ಕೂತಳು. ಅವನ ಫೋನು ಕೈಗೆಟಕುವಂತೆ ಪಕ್ಕದಲ್ಲೇ ಇತ್ತು. ಬರೆಯಲಿ, ಮುಖ ಕಿವುಚಲಿ, ತಟ್ಟೆ ದೂಡಲಿ, ಏನಾದರೂ ಆದೀತು ಎಂದು ನೋಡುತ್ತಿದ್ದಳು.

ಶಿವಯೋಗಿ ಮೊದಲ ತುತ್ತು ಬಾಯಿಗಿಟ್ಟ. ಅವನ ಕೈ ಒಂದು ಕ್ಷಣ ನಿಂತಿತು. ತಲೆಯೆತ್ತಿ ಅವಳನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು ಎಂದು ಅವಳಿಗೂ ತಿಳಿಯಿತು.

ಆಮೇಲೆ ಅವನು ತಲೆ ತಗ್ಗಿಸಿ, ತುತ್ತಿನ ಮೇಲೆ ತುತ್ತು, ತಟ್ಟೆಯ ಕೊನೆಯ ಕಾಳಿನವರೆಗೆ ತಿಂದ. ಚೆನ್ನಾಗಿತ್ತು ಎನ್ನುವಂತೆ ಅವಳ ಭುಜ ತಟ್ಟಿ ಎದ್ದು, ಕೆಲಸಕ್ಕೆ ಕೂರಲು ಒಳಗೆ ಹೋದ. ನೀಲಾ ಖಾಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಉಪ್ಪಿನ ಮಾತು ಇನ್ನೂ ಬರಬಹುದೇನೋ ಎಂದು, ಅದು ಒಣಗುವವರೆಗೆ ಅಲ್ಲೇ ಕೂತಿದ್ದಳು.